ಹೊಳೆಯ ಮೀನು, ಹೊರಗಿನ ಮೀನು

ಶಿರಸಿ, ಸಿದ್ದಾಪುರ, ಯಲ್ಲಾಪುರದ ನೆಲದ ಮೇಲೆ ಬಿದ್ದ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ ಧುಮುಕಿ ಪಡುಗಡಲನ್ನು ಸೇರುತ್ತದೆ. ಅದೇ ತಾಲ್ಲೂಕಿನ ಬನವಾಸಿಯನ್ನು ಬಳಸಿ ಹರಿಯುವ ವರದೆಯಾದರೋ ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಕೂಡಿಕೊಂಡು ಮೂಡುಗಡಲಿಗೆ ಹೋಗುತ್ತದೆ. ಯಲ್ಲಾಪುರದ ಬೇಡ್ತಿ ಮಾಗೋಡಿನ ಕಮರಿಗೆ ಬೀಳುತ್ತದೆ.

ಈ ಜಲಪಾತಗಳು ನಮಗೆ ನೋಟದ ಹಬ್ಬ. ಮೀನಿನ ಪಾಲಿಗೆ ಗೋಡೆಗಳು. ಕೆಳಗಿನ ಮೀನು ಮೇಲೇರಲಾರದು. ಒಂದು ಹೊಳೆಯ ಮೀನು ದಿಣ್ಣೆ ದಾಟಿ ಇನ್ನೊಂದನ್ನು ಸೇರಲಾರದು. ಹೀಗೆ ಯುಗಗಳಿಂದ ಅಗಲಿ ಬಾಳಿದ್ದರಿಂದಲೇ ಸಹ್ಯಾದ್ರಿಯ ಹೊಳೆಗಳಲ್ಲಿ ಲೋಕದ ಬೇರೆಲ್ಲಿಯೂ ಇಲ್ಲದ ಮೀನುಗಳಿವೆ. ನೆರೆಯ ಶರಾವತಿಯ ಹೆಸರು ಹೊತ್ತ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಮೀನು 2004ರಲ್ಲಿ, ಸ್ಕಿಸ್ಟುರಾ ನಾಗೋಡಿಯೆನ್ಸಿಸ್ ಎಂಬುದು 2006ರಲ್ಲಿ ವಿಜ್ಞಾನದ ಪಟ್ಟಿಗೆ ಸೇರಿದವು. ಗುರುತು ಸಿಕ್ಕಿ ಇನ್ನೂ ಕಾಲು ಶತಮಾನವೂ ಆಗಿಲ್ಲ.

ಜಲಪಾತ ತಡೆದುದನ್ನು ಆಮ್ಲಜನಕ ತುಂಬಿದ ಒಂದು ಪ್ಲಾಸ್ಟಿಕ್ ಚೀಲ ಸುಲಭವಾಗಿ ದಾಟಿಸಿತು. ಮರಿಗಳನ್ನು ಬಿಡುವುದು ಕೆರೆಗೆ, ನಿಜ. ಆದರೆ ನಮ್ಮ ಕಡೆಯ ಕೆರೆ ಎಂಬುದು ಮುಚ್ಚಿದ ಪಾತ್ರೆಯಲ್ಲ. ಆಷಾಢದಲ್ಲಿ ಕೋಡಿ ಬಿದ್ದರೆ ಕೆರೆಯ ನೀರು ಗದ್ದೆಗೆ, ಗದ್ದೆಯದು ಅಡಿಕೆ ತೋಟದ ಕಾದಿಗೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಘಟ್ಟದ ಮೇಲೆ ಬಿಟ್ಟ ಮೀನಿಗೆ ಕೆಳಗಿನ ಹಾದಿಯೆಲ್ಲ ತೆರೆದೇ ಇರುತ್ತದೆ.

1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ತಿಲಾಪಿಯಾವನ್ನು ನಮ್ಮ ಜನ ಜಿಲೇಬಿ ಎಂದು ಕರೆದರು. ಹೆಸರು ಸಿಹಿ. ನಮ್ಮ ಗೆಂಡೆಯ ಜಾತಿಯ ಸಣ್ಣ ಮೀನುಗಳು ಕಲ್ಲುಸಂದಿಯಲ್ಲೋ ಜೊಂಡಿನಲ್ಲೋ ಮೊಟ್ಟೆ ಚೆಲ್ಲಿ ಹೊರಟುಹೋಗುತ್ತವೆ, ಉಳಿದುದು ದೈವಾಧೀನ. ಜಿಲೇಬಿಯ ತಾಯಿ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟು ಕಾಯುತ್ತದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ತಾನೂ ತಾಯಾಗುತ್ತದೆ. ಈ ಸ್ಪರ್ಧೆಯಲ್ಲಿ ಗೆಲ್ಲುವವರಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, ನಮ್ಮ ಮುಗುಡಿನ ದೊಡ್ಡ ದಾಯಾದಿಯಂತಿರುವ ಆಫ್ರಿಕಾದ ಕ್ಯಾಟ್‌ಫಿಶ್. ಗಾಳಿಯನ್ನೇ ಉಸಿರಾಡಬಲ್ಲ, ಕೆಸರಿನಲ್ಲಿ ತೆವಳಿ ಮುಂದಿನ ಹೊಂಡ ಸೇರಬಲ್ಲ ಈ ಹೊಟ್ಟೆಬಾಕನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. ಕದ್ದು ಸಾಕುವುದು ಮಾತ್ರ ನಿಲ್ಲಲಿಲ್ಲ.

ಹೊರಗಿನ ಮೀನೆಂದರೆ ಸಮುದ್ರದಾಚೆಯದೇ ಆಗಬೇಕಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನಿನ ಕಥೆಯನ್ನು ನೋಡಿ. ಬೇಟೆಗಾರರ ಕನಸಿನ ಮೀನಾಗಿದ್ದ ಅದರ ಸಂತತಿ ಕುಗ್ಗುತ್ತ ಬಂದಿತ್ತು. ಮಹಶೀರ್ ಕುಲವನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ, ಕೃಷ್ಣೆಯ ಸೀಮೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಬಂದದ್ದು ಬೆಳೆಯಿತು, ಇದ್ದದ್ದು ಅಳಿಯಿತು. ಗೂನುಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣಕ್ಕೂ ಅಂತ್ಯೇಷ್ಟಿಗೂ ಒಂದೇ ಮುಹೂರ್ತ ಗೊತ್ತುಪಡಿಸಿದ ಹಾಗೆ! ವರದೆಯ ಮೀನನ್ನು ಅಘನಾಶಿನಿಗೆ ಒಯ್ದರೆ ತಪ್ಪೇನು ಎನ್ನುವವರಿಗೆ ಉತ್ತರ ಇಲ್ಲಿದೆ.

ನಾನು ಮೀನು ತಿನ್ನುವ ಮನೆತನದವನಲ್ಲ. ನಮ್ಮಂಥವರಿಗೆ ಎಲ್ಲವೂ ಬರಿಯ ಮೀನು. ಕೆರೆಯಲ್ಲಿ ಮೀನು ಮಿಂಚಿದರೆ ಎಲ್ಲವೂ ಸರಿಯಾಗಿದೆ ಎಂದುಕೊಳ್ಳುತ್ತೇವೆ. ಸಂಖ್ಯೆ ಉಳಿದು ಬಗೆಗಳು ಅಳಿದುದು ಕಾಣುವುದು ಹೆಸರು ಬಲ್ಲವನಿಗೆ ಮಾತ್ರ. ಮೊದಲ ಮಳೆಗೆ ಪ್ರವಾಹದೆದುರು ಏರಿಬರುವ ಹತ್ತುಮೀನಿಗಾಗಿ ರಾತ್ರಿಯೆಲ್ಲ ಗದ್ದೆಯ ಬದುವಿನಲ್ಲಿ ಕಾಯುವ ಕೂಲಿಕಾರನಿಗೆ ಈ ವರ್ಷ ಯಾವುದು ಬರಲಿಲ್ಲವೆಂಬುದು ಗೊತ್ತು. ಅವನ ಸಾರಿನ ಮಡಕೆಯ ಲೆಕ್ಕವದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿದ್ದಾನೆ. ದೊರೆಗಿದ್ದ ಈ ವ್ಯವಧಾನ ಕನ್ನಡ ಓದಿದ ನಮಗೆ ಇಲ್ಲವಾಯಿತು.

ಸೊಳ್ಳೆಯ ವಿಷಯ. ಚಳಿಜ್ವರದಿಂದ ಊರೂರೇ ಪಾಳುಬಿದ್ದ ಸೀಮೆ ನಮ್ಮದು. ಸೊಳ್ಳೆಮರಿ ತಿನ್ನಲೆಂದು ಗ್ಯಾಂಬೂಸಿಯಾ ಎಂಬ ಅಮೆರಿಕ ಮೂಲದ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು. ಉತ್ತರ ಕನ್ನಡದ ಜ್ವರವನ್ನು ಇಳಿಸಿದ್ದು ಮುಖ್ಯವಾಗಿ 1946ರಿಂದ ಮನೆಯ ಗೋಡೆಗಳಿಗೆ ಸಿಂಪಡಿಸಿದ ಡಿ.ಡಿ.ಟಿ. ಗ್ಯಾಂಬೂಸಿಯಾ ಸೊಳ್ಳೆಮರಿಯ ಜೊತೆಗೆ ಕಪ್ಪೆಮರಿಗಳನ್ನೂ ಉಳಿದ ಮೀನುಗಳ ಮೊಟ್ಟೆಗಳನ್ನೂ ತಿನ್ನುತ್ತದೆ. ಅದನ್ನೂ ಗಪ್ಪಿಯನ್ನೂ ಬಾವಿ, ಹೊಂಡಗಳಿಗೆ ಬಿಡುವ ವಾಡಿಕೆ ಇಂದಿಗೂ ಇದೆ. ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು ಇಟ್ಟಂತೆ ಹೊಳೆಯುವ ಒಂದು ಪುಟ್ಟ ಮೀನು ನಮ್ಮ ನಿಂತ ನೀರುಗಳಲ್ಲಿ ಮೊದಲಿನಿಂದಲೂ ಸೊಳ್ಳೆಮರಿ ತಿಂದುಕೊಂಡೇ ಬದುಕಿದೆ. ಅದನ್ನು ಕೇಳಿದವರಿಲ್ಲ.

ಮೀನುಗಾರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಕೆರೆಯ ಗುತ್ತಿಗೆಯಿಂದ ಬಾಳುವ ಸಂಸಾರಗಳಿವೆ. ಕಟ್ಲ, ರೋಹುಗಳೂ ಗಂಗೆಯ ಕಡೆಯಿಂದ ಬಂದವೇ, ಅವನ್ನು ಇನ್ನು ಓಡಿಸುವಂತಿಲ್ಲ. ಆದರೆ ಜಿಲೇಬಿಯೋ ಕ್ಯಾಟ್‌ಫಿಶ್ಶೋ ಕೆರೆಯಲ್ಲಿ ಕಂಡರೆ ಅದಕ್ಕೊಂದು ಕಾಲವಿದೆ. ವೈಶಾಖದಲ್ಲಿ ನೀರು ತಳ ಕಂಡಾಗ ಬಲೆ ಎಳೆದು ತೆಗೆಯಬಹುದು. ಕೆಸರನ್ನೂ ಕೆದಕಿ ನೋಡಬೇಕು, ಕ್ಯಾಟ್‌ಫಿಶ್ ಅಲ್ಲಿಯೂ ಅಡಗಿರುತ್ತದೆ. ಕೋಡಿಗೆ ಕಣ್ಣು ಸಣ್ಣದಾದ ಜಾಲರಿ ಕಟ್ಟಬಹುದು. ಇದು ಊರವರೇ ಸೇರಿ ಎರಡು ದಿನದಲ್ಲಿ ಮಾಡಬಹುದಾದ ಕೆಲಸ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಆಗಬೇಕು. ಒಮ್ಮೆ ಅಘನಾಶಿನಿಗೆ ಇಳಿದ ಮೀನನ್ನು ಆರಿಸಿ ತೆಗೆಯುವ ಬಲೆಯನ್ನು ಯಾರೂ ಹೆಣೆದಿಲ್ಲ.