ಮಂಗಳಗ್ರಹದ ಚಿತ್ರಗಳನ್ನು ಓದುವ ಬಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಮಂಗಳಗ್ರಹದಿಂದ ಯಂತ್ರಗಳು ಕಳುಹಿಸುವ ಛಾಯಾಚಿತ್ರಗಳ ವಿಷಯದಲ್ಲಿ ಈ ಮಾತನ್ನು ಮರೆಯುವಂತಿಲ್ಲ. ಇಂದು ಆ ಚಿತ್ರಗಳು ನಮ್ಮ ಮಕ್ಕಳ ಕೈಗೂ ಬರುತ್ತಿವೆ. ಅಲ್ಲಿ ಮುಖ ಕಂಡಿತು, ಗುಡಿ ಕಂಡಿತು ಎಂಬ ವಾರ್ತೆಗಳೂ ಜೊತೆಯಲ್ಲಿ ಬರುತ್ತಿವೆ. ನಿಜವನ್ನೂ ಭ್ರಮೆಯನ್ನೂ ವಿಂಗಡಿಸುವ ಬಗೆಯನ್ನು ತಮ್ಮ ಮುಂದೆ ನಿವೇದಿಸುವುದೇ ನನ್ನ ಉದ್ದೇಶ.

ಮೊದಲು ಚಿತ್ರವೆಂದರೆ ಏನೆಂಬುದನ್ನು ತಿಳಿಯಬೇಕು. 1965ರ ಜುಲೈಯಲ್ಲಿ ಅಮೆರಿಕದ ಮೆರಿನರ್-4 ನೌಕೆಯು ಮಂಗಳದ ಪಕ್ಕದಲ್ಲಿ ಹಾದುಹೋಗುತ್ತ ಕಳುಹಿಸಿದ್ದು ಕೇವಲ ಅಂಕೆಗಳನ್ನು. ಒಂದೊಂದು ಚಿತ್ರದಲ್ಲಿ 200 ಸಾಲು, ಸಾಲಿಗೆ 200 ಚುಕ್ಕೆ. ಪ್ರತಿ ಚುಕ್ಕೆಯ ಬೆಳಕಿಗೂ ಒಂದು ಅಂಕೆ. ಒಂದು ಚಿತ್ರ ಬಂದು ಸೇರಲು ಎಂಟು ಗಂಟೆಗೂ ಮೇಲಾಗುತ್ತಿತ್ತು. ಯಂತ್ರವು ಚಿತ್ರವನ್ನು ಸಿದ್ಧಪಡಿಸುವ ತನಕ ಕಾಯಲಾರದೆ, ಪಾಸಡೀನಾದ ಎಂಜಿನಿಯರುಗಳು ಅಂಕೆಗಳ ಕಾಗದದ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಬಣ್ಣದ ಸೀಮೆಸುಣ್ಣದಿಂದ ಕೈಯಾರೆ ತುಂಬಿದರು. ಹೀಗೆ ಬಂದ ಚಿತ್ರಗಳಲ್ಲಿ ಕಂಡದ್ದು ಬೋಳುನೆಲ ಮತ್ತು ಉಲ್ಕೆ ಬಿದ್ದ ಕುಳಿಗಳು. ಹಿಂದೆ ದೂರದರ್ಶಕದಲ್ಲಿ ಕೆಲವರು ಕಂಡೆವೆಂದು ಬರೆದಿದ್ದ ಕಾಲುವೆಗಳ ಸುಳಿವೂ ಇರಲಿಲ್ಲ.

ಬಣ್ಣದ ಮಾತೂ ಹೀಗೆಯೇ. 1976ರ ಜುಲೈ 20ರಂದು ವೈಕಿಂಗ್-1 ಮಂಗಳದ ನೆಲಕ್ಕಿಳಿಯಿತು. ಅದರ ಮೊದಲ ಬಣ್ಣದ ಚಿತ್ರವನ್ನು ಪ್ರಕಟಿಸಿದಾಗ ಆಕಾಶವು ನಮ್ಮದರಂತೆಯೇ ನೀಲಿಯ ಛಾಯೆಯಲ್ಲಿತ್ತು, ಜನರೆಲ್ಲ ಹಿಗ್ಗಿದರು. ಬಣ್ಣಗಳನ್ನು ಸರಿಯಾಗಿ ಹೊಂದಿಸಿ ನೋಡಿದ ಮೇಲೆ ಆಕಾಶವು ಕೆಂಪುಬೆರೆತ ಕಂದಾಗಿ ತೋರಿತು. ಅಲ್ಲಿನ ತೆಳುಗಾಳಿಯಲ್ಲಿ ತೇಲುವ ಕೆಮ್ಮಣ್ಣಿನ ಧೂಳೇ ಅದಕ್ಕೆ ಕಾರಣ. ಅಂದಿನಿಂದ ಬಣ್ಣಕ್ಕೂ ಸಾಕ್ಷಿ ಬೇಕೆಂಬುದು ಎಲ್ಲರಿಗೂ ಮನದಟ್ಟಾಯಿತು. ಅಂಥ ನೌಕೆಗಳು ಬಣ್ಣದ ಮಾದರಿಫಲಕವನ್ನು ಮೈಮೇಲೆ ಹೊತ್ತಿರುವುದು ಇದಕ್ಕಾಗಿಯೇ.

ಅದೇ ತಿಂಗಳ 25ರಂದು ವೈಕಿಂಗ್‌ನ ಕಕ್ಷಾನೌಕೆಯು ಸೈಡೋನಿಯಾ ಎಂಬ ಪ್ರದೇಶದಲ್ಲಿ ಮನುಷ್ಯಮುಖದಂತಿರುವ ಗುಡ್ಡವೊಂದನ್ನು ಕಂಡಿತು. ಅದು ನೆರಳಿನ ಆಟವೆಂದು ವಿಜ್ಞಾನಿಗಳು ಆಗಲೇ ಹೇಳಿದ್ದರೂ ಊಹೆಗಳು ಬೆಳೆದು ಪುಸ್ತಕಗಳೇ ಹುಟ್ಟಿಕೊಂಡವು. ಆ ಹೊತ್ತಿನಲ್ಲಿ ಸೂರ್ಯನು ದಿಗಂತದ ಬಳಿ ತಗ್ಗಿನಲ್ಲಿದ್ದನು. ಚಿತ್ರದ ಒಂದೊಂದು ಚುಕ್ಕೆಯೂ ನಲವತ್ತು ಮೀಟರಿಗೂ ಹೆಚ್ಚಿನ ನೆಲವನ್ನು ಒಳಗೊಂಡಿತ್ತು. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯು ಚುಕ್ಕೆಗೆ ಒಂದೂವರೆ ಮೀಟರಿನಷ್ಟು ಸೂಕ್ಷ್ಮವಾಗಿ ಅದನ್ನೇ ಚಿತ್ರಿಸಿದಾಗ ಕಣ್ಣೂ ಇಲ್ಲ, ಬಾಯಿಯೂ ಇಲ್ಲ. ಸವೆದ ಬಂಡೆಗುಡ್ಡವೊಂದು ಉಳಿಯಿತು.

2014ರ ಜನವರಿಯಲ್ಲಿ ಇನ್ನೊಂದು ಸೋಜಿಗ. ಆಪರ್ಚುನಿಟಿ ಎಂಬ ಯಂತ್ರವಾಹನದ ಮುಂದೆ, ಹನ್ನೆರಡು ಮಂಗಳದಿನಗಳ ಹಿಂದಿನ ಚಿತ್ರದಲ್ಲಿ ಇಲ್ಲದಿದ್ದ, ಬಿಳಿಯ ಅಂಚು ಕೆಂಪು ನಡುವಿನ ಕಲ್ಲೊಂದು ಕಾಣಿಸಿಕೊಂಡಿತು. ಆಕಾಶದಿಂದ ಬಿತ್ತೆ? ಜೀವವಿತ್ತೆ? ವಿಜ್ಞಾನಿಗಳು ವಾಹನವನ್ನು ತುಸು ಸರಿಸಿ ಸುತ್ತಲೂ ನೋಡಿದರು. ವಾಹನದ ಚಕ್ರವೇ ಒಂದು ಬಂಡೆಯನ್ನು ಒಡೆದಿತ್ತು. ಅದರ ಚೂರು ಉರುಳಿ ಬಂದಿತ್ತು. ಹಿಂದಿನ ಚಿತ್ರವನ್ನು ಜೋಪಾನವಾಗಿಟ್ಟದ್ದರಿಂದ ಪ್ರಶ್ನೆ ಹುಟ್ಟಿತು. ಸುತ್ತ ನೋಡಿದ್ದರಿಂದ ಉತ್ತರ ದೊರೆಯಿತು.

ಇಷ್ಟು ಕೇಳಿ, ಚಿತ್ರಗಳನ್ನು ನಂಬಲೇಬಾರದೆಂದು ಯಾರೂ ತಿಳಿಯಬಾರದು. 2012ರಲ್ಲಿ ಕ್ಯೂರಿಯಾಸಿಟಿ ವಾಹನವು ಗೇಲ್ ಕುಳಿಯಲ್ಲಿ ಮರಳೊಡನೆ ಗಟ್ಟಿಯಾಗಿ ಬೆಸೆದುಕೊಂಡ ಉರುಟು ಕಲ್ಲುಗಳನ್ನು ಕಂಡಿತು. ಹೊಳೆಯ ತಳದಲ್ಲಿ ನಮ್ಮ ಮಕ್ಕಳು ಆಯುವ ನುಣ್ಣನೆಯ ಕಲ್ಲುಗಳನ್ನು ನೆನೆಯಿರಿ. ಗಾಳಿ ಹೊತ್ತೊಯ್ಯಲಾಗದಷ್ಟು ದಪ್ಪನಾದ ಕಲ್ಲುಗಳು, ಮೂಲೆಗಳೆಲ್ಲ ಸವೆದವು. ಹರಿಯುವ ನೀರೇ ಅವನ್ನು ಉರುಳಿಸಿರಬೇಕು. ಕಲ್ಲುಗಳ ಗಾತ್ರದಿಂದಲೇ, ಆ ನೀರು ಪಾದದ ಗಂಟಿನಿಂದ ಸೊಂಟದವರೆಗೆ ಆಳವಿದ್ದಿತೆಂದು ಅಂದಾಜು ಮಾಡಿದರು. ಬತ್ತಿಹೋದ ಹಳ್ಳವೊಂದು ಹೀಗೆ ಮತ್ತೆ ಮಾತನಾಡಿತು.

ಮಕ್ಕಳೇ, ಇಂಥ ಚಿತ್ರ ನಿಮ್ಮ ಕೈಗೆ ಬಂದಾಗ ಕೇಳಿರಿ: ಬೆಳಕು ಯಾವ ಕಡೆಯಿಂದ ಬಿದ್ದಿದೆ? ಒಂದು ಚುಕ್ಕೆಗೆ ಎಷ್ಟು ನೆಲ? ಬಣ್ಣವನ್ನು ಅಳೆದಿದ್ದಾರೆಯೆ? ಇದೇ ಜಾಗದ ಬೇರೆ ಚಿತ್ರವಿದೆಯೆ? ಈ ಪ್ರಶ್ನೆಗಳಿಗೆ ದೊಡ್ಡ ಉಪಕರಣಗಳು ಬೇಡ; ನಮ್ಮ ಮನೆಯ ಕನ್ನಡವೇ ಸಾಕು. ಹೀಗೆ ಕೇಳಿ ಕಲಿತವರನ್ನು ಮಂಗಳದ ಚಿತ್ರವಾಗಲಿ, ಮನೆಯ ಬಾಗಿಲಿಗೆ ಬರುವ ವದಂತಿಯಾಗಲಿ ಸುಲಭವಾಗಿ ಮೋಸಗೊಳಿಸಲಾರದು.