ಕತ್ತರಿಸುವ ಕರೆಂಟು



ಕಳೆದ ವರ್ಷ ನಮ್ಮ ತಂದೆಯವರಿಗೆ ಹರ್ನಿಯಾ ಆಪರೇಷನ್ ಆಯಿತು. ಹಿಂದಿನ ದಿನ ನರ್ಸ್ ಬಂದು, "ಮೈಯೊಳಗೆ ರಾಡು, ಪ್ಲೇಟು, ಪೇಸ್‌ಮೇಕರ್ ಏನಾದರೂ ಇದೆಯೇ?" ಎಂದು ಕೇಳಿದರು. ಅಪ್ಪ "ಏನೂ ಇಲ್ಲ" ಎಂದುಬಿಟ್ಟರು. ಅವರ ಬಲತೊಡೆಯಲ್ಲಿ 15 ವರ್ಷದಿಂದ ರಾಡು ಇದೆ! "ಹೇಳಿದರೆ ಆಪರೇಷನ್ ಮುಂದೆ ಹಾಕುತ್ತಾರಪ್ಪ" ಎಂದರು. ನಾನೇ ಹೋಗಿ ಹೇಳಿ ಬಂದೆ.

ಆ ಪ್ರಶ್ನೆಯನ್ನು ಏಕೆ ಕೇಳುತ್ತಾರೆ ಎಂಬುದೇ ಇಂದು ನನ್ನ ವಿಷಯ.

ಈಗ ಬಹಳಷ್ಟು ಆಪರೇಷನ್‌ಗಳಲ್ಲಿ ಬ್ಲೇಡಿನ ಜೊತೆಗೆ ಪೆನ್ನಿನಂಥ ಒಂದು ವಿದ್ಯುತ್ ಉಪಕರಣವನ್ನೂ ಬಳಸುತ್ತಾರೆ. ಅದರ ತುದಿಯಿಂದ ಕರೆಂಟು ಹರಿದಾಗ ಜೀವಕೋಶದೊಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಕೋಶ ಒಡೆಯುತ್ತದೆ. ಮಾಂಸ ಕತ್ತರಿಸುವುದು ಹೀಗೆ. ಕರೆಂಟನ್ನು ಬಿಟ್ಟುಬಿಟ್ಟು ಹರಿಸಿದರೆ ರಕ್ತ ಹೆಪ್ಪುಗಟ್ಟುತ್ತದೆ. 1926ರ ಅಕ್ಟೋಬರ್ 1ರಂದು ಅಮೆರಿಕದ ಬೋಸ್ಟನ್‌ನಲ್ಲಿ ಹಾರ್ವಿ ಕುಶಿಂಗ್ ಎಂಬ ಸರ್ಜನ್, ವಿಲಿಯಂ ಬೋವಿ ರೂಪಿಸಿದ ಇಂಥ ಯಂತ್ರದಿಂದ ಒಬ್ಬ ರೋಗಿಯ ತಲೆಯ ಗೆಡ್ಡೆ ತೆಗೆದರು. ಕೆಲವೇ ದಿನ ಮೊದಲು ರಕ್ತಸ್ರಾವದಿಂದಾಗಿ ಅರ್ಧಕ್ಕೇ ನಿಲ್ಲಿಸಿದ್ದ ಆಪರೇಷನ್ ಅದು.

ಹಾಗಾದರೆ ರೋಗಿಗೆ ಶಾಕ್ ಹೊಡೆಯುವುದಿಲ್ಲವೇ? ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ. ಈ ಯಂತ್ರದ್ದು ಸೆಕೆಂಡಿಗೆ ಲಕ್ಷಗಟ್ಟಲೆ. ಆ ವೇಗಕ್ಕೆ ನರ, ಸ್ನಾಯುಗಳು ಸ್ಪಂದಿಸಲಾರವು.

ಒಳಹೋದ ಕರೆಂಟು ಹೊರಬರಲೂ ದಾರಿ ಬೇಕು. ಅದಕ್ಕಾಗಿ ತೊಡೆಗೋ ಬೆನ್ನಿಗೋ ಅಗಲವಾದ ಪ್ಯಾಡ್ ಅಂಟಿಸುತ್ತಾರೆ. ಇದೇ ಶಾಲೆಯ ಅಂಗಳದಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಭೂತಗನ್ನಡಿಯಿಂದ ಕಾಗದ ಸುಟ್ಟು ತೋರಿಸಿದ್ದು ನೆನಪಿದೆಯೇ? ಅಂಗೈ ತುಂಬ ಬಿದ್ದ ಬಿಸಿಲು ಸುಡಲಿಲ್ಲ, ಚುಕ್ಕೆಯಾದಾಗ ಸುಟ್ಟಿತು. ಇಲ್ಲೂ ಹಾಗೆಯೇ. ಚೂಪು ತುದಿಯಲ್ಲಿ ಕತ್ತರಿಸುವ ಕರೆಂಟೇ ಅಗಲವಾದ ಪ್ಯಾಡಿನಲ್ಲಿ ಹರಡಿಕೊಂಡು ಸುಮ್ಮನೆ ಹೊರಹೋಗುತ್ತದೆ. ಪ್ಯಾಡ್ ಅರ್ಧ ಕಿತ್ತುಬಂದರೆ ಅಲ್ಲಿಯೂ ಚರ್ಮ ಸುಡಬಹುದು.

ಆದ್ದರಿಂದಲೇ ಒಳಗೆ ಲೋಹವಿರುವ ಜಾಗವನ್ನು ಬಿಟ್ಟು ಪ್ಯಾಡ್ ಹಾಕುತ್ತಾರೆ. ಬಳೆ, ಉಂಗುರ ತೆಗೆಸುತ್ತಾರೆ. ಪೇಸ್‌ಮೇಕರ್ ಇದ್ದರೆ ಈ ಕರೆಂಟು ಅದರ ಕೆಲಸವನ್ನೇ ಕೆಡಿಸಬಹುದು. ವೈದ್ಯರು ಮೊದಲೇ ಎಚ್ಚರ ವಹಿಸಬೇಕು. ಅಪ್ಪನಿಗೆ ಎಡತೊಡೆಗೆ ಪ್ಯಾಡ್ ಹಾಕಿದರು. ಆಪರೇಷನ್ ಮುಂದೆ ಹೋಗಲಿಲ್ಲ.

ನಾನು ಸಾಫ್ಟ್‌ವೇರ್ ಬರೆಯುವವನು, ಯಂತ್ರಗಳನ್ನು ನಂಬುವವನು. ಇಂದಿನ ಅನೇಕ ಯಂತ್ರಗಳು ಪ್ಯಾಡ್ ಸಡಿಲವಾದರೆ ತಾವೇ ಕೂಗಿ ನಿಲ್ಲುತ್ತವೆ. ಆದರೆ ಅಪ್ಪನ ತೊಡೆಯೊಳಗೆ ರಾಡು ಇದೆಯೆಂದು ಯಂತ್ರ ಹೇಳದು. ಅದನ್ನು ನಾವೇ ಹೇಳಬೇಕು. ದಯವಿಟ್ಟು ಮುಚ್ಚಿಡಬೇಡಿ.