ಕಾಲಿಗೆ ಬೇಕು, ಕಣ್ಣಿಗೆ ಬೇಡ: ರಕ್ತನಾಳ ಮತ್ತು ಗಿಡಮೂಲಿಕೆ

ಇವತ್ತಿನ ಕಂತು ಶುರುವಾಗೋದು ನಮ್ಮನೆಯಿಂದಲೇ.

ಅಮ್ಮನಿಗೆ 15 ವರ್ಷದಿಂದ ಶುಗರ್. ಕಳೆದ ವರ್ಷ ಕಾಲಿನ ಹೆಬ್ಬೆರಳಿಗೆ ಆದ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ಅದೇ ಹೊತ್ತಿಗೆ ರೆಟಿನಾ ತೊಂದರೆಗೆ ಕಣ್ಣಿಗೆ ಇಂಜೆಕ್ಷನ್ ಬೇರೆ. ದೊಡ್ಡಮ್ಮ ಅರಿಶಿನ ಸಾರದ ಕ್ಯಾಪ್ಸೂಲ್ ಡಬ್ಬಿ ತಂದುಕೊಟ್ಟು, "ಗಿಡಮೂಲಿಕೆ ಕಣೇ, ಏನೂ ಆಗಲ್ಲ" ಅಂದ್ರು.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಡಬ್ಬಿ ಹಿಡ್ಕೊಂಡು ಡಾಕ್ಟರ್ ಹತ್ರಾನೇ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ತಾಯಿಯ ಕಾಲಿಗೆ ಹೊಸ ರಕ್ತನಾಳ ಬೇಕು, ಕಣ್ಣಿಗೆ ಬೇಡ. ಇದು ಯಾವ ಕಡೆ ಕೆಲಸ ಮಾಡುತ್ತೆ?"

ವಿಷಯ ಇಷ್ಟು. ಇರುವ ರಕ್ತನಾಳದಿಂದ ಹೊಸದು ಕವಲೊಡೆಯಬೇಕಾದರೆ ದೇಹ ವಿಇಜಿಎಫ್ ಅನ್ನೋ ಪ್ರೋಟೀನ್ ಮೂಲಕ ಸೂಚನೆ ಕೊಡುತ್ತೆ. ಗಾಯ ಮಾಯೋಕೆ ಅದು ಬೇಕು. ಆದರೆ ಶುಗರ್ ಇರುವವರ ರೆಟಿನಾದಲ್ಲಿ ಹಾಗೆ ಹುಟ್ಟುವ ನಾಳಗಳು ದುರ್ಬಲ, ಒಡೆದು ರಕ್ತ ಸೋರುತ್ತೆ. ಕಣ್ಣಿನ ಇಂಜೆಕ್ಷನ್ ಆ ಸೂಚನೆಯನ್ನೇ ತಡೆಯುತ್ತೆ. ಕ್ಯಾನ್ಸರ್ ಗಡ್ಡೆಯೂ ಬೆಳೆಯೋಕೆ ಹೊಸ ರಕ್ತನಾಳ ಬೇಕು ಅಂತ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ವಾದಿಸಿದ್ದರು. ವಿಇಜಿಎಫ್ ತಡೆಯುವ ಬೆವಾಸಿಜುಮಾಬ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ.

ಇನ್ನು ಗಿಡಗಳು. ಕಾವು ಕೊಟ್ಟ ಕೋಳಿಮೊಟ್ಟೆಯ ಒಳಪೊರೆಯಲ್ಲಿ ರಕ್ತನಾಳಗಳು ಬರಿಗಣ್ಣಿಗೇ ಕಾಣುತ್ತವೆ. ಅದರ ಮೇಲೆ ಸಾರ ಹಾಕಿ, ನಾಳ ಹೆಚ್ಚಿತೋ ಕಮ್ಮಿಯಾಯ್ತೋ ನೋಡೋದು ಲ್ಯಾಬ್‌ಗಳಲ್ಲಿ ಮಾಮೂಲಿ ಪರೀಕ್ಷೆ. ಅರಿಶಿನದ ಕರ್ಕ್ಯುಮಿನ್, ಅಶ್ವಗಂಧದ ವಿಥಾಫೆರಿನ್ ಎ, ಇವೆರಡೂ ಲ್ಯಾಬ್ ಪ್ರಯೋಗಗಳಲ್ಲಿ ನಾಳದ ಬೆಳವಣಿಗೆಯನ್ನು ತಡೆದಿವೆ. ನಮ್ಮ ಒಂದೆಲಗದ ಸಾರ ಪ್ರಾಣಿಗಳ ಗಾಯದಲ್ಲಿ ಅದನ್ನು ಹೆಚ್ಚಿಸಿದೆ. ಅಂದ್ರೆ "ಗಿಡಮೂಲಿಕೆ" ಅನ್ನೋದು ಒಂದೇ ಔಷಧಿ ಅಲ್ಲ.

ಹಾಗಂತ ಮೊಟ್ಟೆಯಲ್ಲಿ ಆಗಿದ್ದು ಮನುಷ್ಯರಲ್ಲೂ ಆಗುತ್ತೆ ಅಂತಿಲ್ಲ. ಕರ್ಕ್ಯುಮಿನ್ ತಿಂದರೆ ರಕ್ತಕ್ಕೆ ಸೇರೋದು ತುಂಬಾ ಕಮ್ಮಿ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು ಸುಮಾರು 20 ಪಟ್ಟು ಹೆಚ್ಚಿತು. ಅದಕ್ಕೇ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಈಗ ಮೆಣಸಿನ ಸಾರ ಇರುತ್ತೆ. ಇಂಥ ಕ್ಯಾಪ್ಸೂಲ್‌ಗಳಿಂದ ಕೆಲವರ ಲಿವರ್‌ಗೆ ಹಾನಿಯಾದ ವರದಿಗಳೂ ಇವೆ. ಸಾರಿಗೆ ಹಾಕೋ ಚಿಟಿಕೆ ಅರಿಶಿನವೇ ಬೇರೆ, ಇದೇ ಬೇರೆ.

ಗಾಯ ಮಾಯೋವರೆಗೂ ಕ್ಯಾಪ್ಸೂಲ್ ಬೇಡ ಅಂದ್ರು ಡಾಕ್ಟರ್. ದೊಡ್ಡಮ್ಮ ಎರಡು ವಾರ ಮಾತಾಡಲಿಲ್ಲ! ಡ್ರೆಸ್ಸಿಂಗ್, ಶುಗರ್ ಕಂಟ್ರೋಲ್ ಎರಡೂ ಬಿಡದೆ ನಡೀತು, ಗಾಯ ಮಾಯ್ತು. ಕ್ಯಾಪ್ಸೂಲ್ ಬಿಟ್ಟಿದ್ದಕ್ಕೇ ಮಾಯ್ತು ಅಂತ ನಾನು ಹೇಳಲ್ಲ. ನಾನು ಹೇಳೋದು ಇಷ್ಟೇ: ನಿಮ್ಮನೇಲೂ ಇಂಥ ಡಬ್ಬಿ ಇದ್ದರೆ, ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ಮುಚ್ಚಿಡದೆ ಅದನ್ನೂ ಚೀಲದಲ್ಲಿ ಹಾಕ್ಕೊಂಡು ಹೋಗಿ.